ಸರ್ವೇಯರ್ ಬರುವ ತನಕ

॥ ಶ್ರೀ ವೀತರಾಗಾಯ ನಮಃ ॥

ಗಡಹಿಂಗ್ಲಜ
ತಾ. ೨೬-೧೧-೧೯೪೨

ಚಿ. ಸೌ. ಶಾಲನಳಿಗೆ ಪದ್ಮಕುಮಾರನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ. ನೀನು ಹೇಳದೆ ಕೇಳದೆ ಇಚಲಕರಂಜಿಗೆ, ನಿನ್ನ ಅಣ್ಣ ಮಹಾವೀರನ ಮನೆಗೆ ಹೋಗಿ ಕೂತದ್ದಕ್ಕೆ ನಾನು ಸಿಟ್ಟು ಮಾಡಿಕೊಂಡಿಲ್ಲ. ಆಜರಾ ದಾರಿಯಲ್ಲಿ ನೀನು ಕಂಡದ್ದು ಹೆಂಗಸರು ಕಾಣಬಾರದಂಥದ್ದು. ನಾಲ್ಕು ದಿನ ತವರಿನ ಅನ್ನ ಉಂಡು ಮನಸ್ಸು ತಿಳಿಯಾಗಲಿ ಎಂದು ನಾನೇ ಸುಮ್ಮನಿದ್ದೆ. ಅವ್ವ ಮಾತ್ರ, ಸೊಸೆಯಿಲ್ಲದೆ ಮನೆಯಲ್ಲಿ ನೀರು ಸೋಸುವವರಿಲ್ಲ ಎಂದು ದಿನವೂ ಗೊಣಗುತ್ತಾಳೆ.

ಈಗ ಕೆಲಸದ ಮಾತು. ಇದರ ಜೊತೆ ಒಂದು ಇಂಗ್ಲಿಷ್ ಕಾಗದ ಇಟ್ಟಿದ್ದೇನೆ. ಅದರ ಕೆಳಗೆ ನಿನ್ನ ಸಹಿ ಬೇಕು. ಎಲ್ಲಿ ಎಂದು ಮಹಾವೀರ ತೋರಿಸುತ್ತಾನೆ. ಆಜರಾ ಇಳುಕಲಿನಲ್ಲಿ ಹಾಳಾದ ಬೆಲ್ಲ ನಿನ್ನ ಹೆಸರಿನದು. ಒಬ್ಬನ ಹೆಸರಿನಲ್ಲಿ ಬಹಳ ಮಾಲು ಸರಕಾರದ ಕಣ್ಣಿಗೆ ಬೀಳಬಾರದೆಂದು ನಮ್ಮ ಪೇಟೆಯವರೆಲ್ಲ ಹೆಂಡಿರ ಹೆಸರಿನಲ್ಲಿ ಹಾಕುವಂತೆ ನಾನೂ ಹಾಕಿದ್ದೆ. ಸಮುದ್ರ ವಿಮೆಯೂ ನಿನ್ನ ಹೆಸರಿನಲ್ಲೇ ಇದೆ. ನಮ್ಮ ಗೋದಾಮಿನ ಬಾಗಿಲು ದಾಟಿದ ಗಳಿಗೆಯಿಂದ, ವೆಂಗುರ್ಲಾ ಬಂದರದಲ್ಲಿ ಹಡಗು ಹತ್ತಿ, ಕಾಠೇವಾಡದ ಅಂಗಡಿ ಮುಟ್ಟುವ ತನಕ ಮಾಲಿನ ಜೋಖಮು ಕಂಪನಿಯದು. ಗಾಡಿಯ ದಾರಿಯೂ ಅದರೊಳಗೇ ಬರುತ್ತದೆ. ಆದರೆ ನುಕಸಾನಿ ಬೇಡುವುದು ಮಾಲಕಳ ಕೈಯಿಂದ ಆಗಬೇಕು.

ಕಾಗದದಲ್ಲಿ ಏನಿದೆ ಎಂದು ನೀನು ಕೇಳದೆ ಬಿಡುವವಳಲ್ಲ. ಮಾಲು ಮೊದಲ ದರ್ಜೆಯ ಹಳದಿ ಬೆಲ್ಲ. ಗಾಡಿಯವ ಅಲ್ಲಪ್ಪ ಕುಡಿದು ಗಾಡಿ ಹೊಡೆದ. ಗಾಡಿ ಮಗುಚಿ ಅವನು ಸ್ಥಳದಲ್ಲೇ ಸತ್ತ. ಮಾಲು ಮಳೆಗೆ ಪೂರಾ ಕರಗಿತು. ಇಷ್ಟೇ. ಕುಡಿದ ಮಾತು ಯಾಕೆ ಎಂದು ಹುಬ್ಬು ಏರಿಸಬೇಡ. ಕಂಪನಿಯವರು ನಮಗೆ ನುಕಸಾನಿ ತುಂಬಿಕೊಟ್ಟ ಮೇಲೆ ಗಾಡಿಯವನ ಮೇಲೆ ನಮಗಿರುವ ಹಕ್ಕು ಅವರಿಗೆ ಹೋಗುತ್ತದೆ. ತಪ್ಪು ಅವನದೆಂದು ಬರೆದಿದ್ದರೆ ಅವರು ಅವನ ಹೆಂಡತಿ ಕಲ್ಲವ್ವನ ಮೇಲೆ ದಾವೆ ಹಾಕಿ ಅವಳ ಒಂದು ಎತ್ತನ್ನೂ ಮನೆ ಜಾಗವನ್ನೂ ಜಪ್ತಿ ಮಾಡಿಕೊಳ್ಳಬಹುದು. ಅಷ್ಟು ಆಸೆ ತೋರಿಸಿದರೆ ನಮ್ಮ ಕೆಲಸ ಬೇಗ ಆಗುತ್ತದೆ. ಜಪ್ತಿ ಮಾಡುವವರು ಅವರು, ಪಾಪ ಅವರದು. ನಮ್ಮ ಕೈ ಶುದ್ಧ.

ಹಾಳಾದ ಮಾಲು ನೋಡಿ ಬರೆದುಕೊಳ್ಳುವ ಕಂಪನಿಯ ಸರ್ವೇಯರ್ ಬರಲು ತಡವಾದದ್ದು ಚಳವಳಿಯ ಪೋರರು ತಂತಿ ಕಡಿದದ್ದರಿಂದ. ಬೈಯುವುದಿದ್ದರೆ ಅವರನ್ನು ಬೈಯಿ.

ಭಾನುವಾರದೊಳಗೆ ಸಹಿಯಾದ ಕಾಗದ ತೆಗೆದುಕೊಂಡು ಮನೆಗೆ ಬಾ. ಬರುವಾಗ ಅವ್ವನಿಗೆ ಅಲ್ಲಿಯ ಒಂದು ಸೀರೆ ತಾ.

ನಿನ್ನ,
ಪದ್ಮಕುಮಾರ

ತಾ.ಕ. ಸಹಿ ಮಾಡುವಾಗ ಶಾಯಿ ಚೆಲ್ಲದಂತೆ ನೋಡಿಕೊ. ಕಲೆ ಬಿದ್ದ ಕಾಗದ ಕಂಪನಿಯವರು ತೆಗೆದುಕೊಳ್ಳುವುದಿಲ್ಲ.

*

ಇಚಲಕರಂಜಿ
ತಾ. ೩-೧೨-೧೯೪೨

ಗಡಹಿಂಗ್ಲಜದಲ್ಲಿ ಗಾಡಿ ಹೂಡಿಸಿ ಊರೂರಿಗೆ ಮಾಲು ಸಾಗಿಸುವ ಹುಂಡೇಕರಿ ಪದ್ಮಕುಮಾರ ಅವರಿಗೆ, ಆಜರಾ ಇಳುಕಲಿನಲ್ಲಿ ಕರಗಿದ ಬೆಲ್ಲದ ಮಾಲಕಳಾದ ಶಾಲನ ಬರೆಯುವುದೇನೆಂದರೆ,

ಇಷ್ಟು ವರ್ಷ ನಿಮಗೆ ಬರೆದ ಪತ್ರಗಳ ತಲೆಗೆಲ್ಲ ‘ಪತಿಚರಣಗಳಲ್ಲಿ’ ಎಂದು ಬರೆಯುತ್ತಿದ್ದೆ. ಇಂದು ಕೈ ಏಳಲಿಲ್ಲ. ಆ ಚರಣಗಳು ಗಾಳಿಗೆ ಹಾರುವ ತಾಡಪತ್ರಿಯ ಅಂಚನ್ನು ಮೆಟ್ಟಿ ನಿಂತದ್ದನ್ನು ನಾನು ಕಂಡಿದ್ದೇನೆ. ತಾಡಪತ್ರಿಯ ಒಳಗೆ ಬೆಲ್ಲವಿತ್ತು. ಹೊರಗೆ ಒಂದು ಮುಖವಿತ್ತು.

ಕಾಗದ ಮುಟ್ಟಿತು. ಓದಿಸಿಕೊಂಡೆ. ಸಹಿ ಮಾಡಿಲ್ಲ. ಶಾಯಿಯನ್ನೂ ಚೆಲ್ಲಿಲ್ಲ, ನೀವು ಕಳಿಸಿದಷ್ಟೇ ಶುದ್ಧವಾಗಿ ಅದು ಇದರ ಜೊತೆ ವಾಪಸು ಬರುತ್ತಿದೆ.

ಅಂದು ನೀವು ಅಲ್ಲೇ ಇದ್ದಿರಿ. ಆದರೂ ನಡೆದದ್ದನ್ನು ನಿಮಗೇ ಬರೆಯುತ್ತೇನೆ. ನಿಮ್ಮ ಪತ್ರ ಓದಿದರೆ ಅಲ್ಲಿ ನಿಂತವರು ಬೇರೆ ಯಾರೋ ಅನ್ನಿಸುತ್ತದೆ.

ಮೊದಲು ಕುಡಿತದ ಮಾತು. ಅಲ್ಲಪ್ಪ ಕೊರಳಲ್ಲಿ ಲಿಂಗ ಕಟ್ಟಿದವನು. ಬೆಳಗಿನ ಪೂಜೆ ಆಗದೆ ನೊಗಕ್ಕೆ ಕೈ ಹಚ್ಚುತ್ತಿರಲಿಲ್ಲ. ಅದಕ್ಕೇ ನೀವು, “ಲೇ ಜಂಗಮಾ, ನಿನ್ನ ಪೂಜಾ ಮುಗಿಯೂದ್ರಾಗ ಹಡಗ ಹೋಗತೈತಿ” ಎಂದು ಅವನನ್ನು ಆಡಿಕೊಳ್ಳುತ್ತಿದ್ದಿರಿ. ಅವನು ನಗುತ್ತ, “ಹಡಗ ನಾ ಇನ್ನೂ ಕಂಡಿಲ್ರಿ ಸಾವಕಾರ್ರ, ಅದರ ಹೆಸರ್ಲೆ ಬೈಸಿಕೊಳ್ಳೂದಷ್ಟ ಕಂಡೇನಿ” ಅನ್ನುತ್ತಿದ್ದ. ನಿಜವೇ. ಘಾಟಿನ ತಲೆಯ ತನಕ ಹೋಗಿ ಕೊಂಕಣದ ಗಾಡಿಯವರಿಗೆ ಮಾಲು ದಾಟಿಸಿ ತಿರುಗುತ್ತಿದ್ದ. ಸಮುದ್ರವನ್ನೇ ನೋಡದ ಮನುಷ್ಯ ಸಮುದ್ರ ವಿಮೆಯ ಮಾಲಿನ ಕೆಳಗೆ ಸತ್ತ. ಅವನ ಬಾಯಲ್ಲಿ ಹೆಂಡದ ವಾಸನೆ ಇರಲಿಲ್ಲ. ನಾನು ಅವನ ಬಾಯಿಗೆ ನೀರು ಹಾಕಿದವಳು, ನನಗೆ ಗೊತ್ತು.

ಇನ್ನು ಹೋದ ವರ್ಷದ್ದು. ಇದೇ ಅಲ್ಲಪ್ಪನ ಗಾಡಿ ಹಳ್ಳ ದಾಟುವಾಗ ವಾಲಿತು. ಅವನು ಎದೆಮಟ್ಟದ ನೀರಿಗಿಳಿದು ಬೆಲ್ಲದ ಪೆಂಟಿಗಳನ್ನು ಎತ್ತಿ ದಂಡೆಗೆ ಇಟ್ಟ. ಗೋಣಿತಟ್ಟಿನಲ್ಲಿ ಹೊಲಿದ ಪೆಂಟಿ, ಒಂದೊಂದನ್ನು ಎತ್ತಲು ಗಟ್ಟಿ ಆಳಿಗೂ ಸೊಂಟ ಹಿಡಿಯುತ್ತದೆ. ಹೊಯ್ದಾಡುವ ನೀರಲ್ಲಿ ಒಬ್ಬನೇ ಎತ್ತಿದ. ಮಾಲು ಉಳಿಸಿದೆ, ಸಾವಕಾರ ಶಾಬಾಸ್ ಅಂದಾರು ಎಂದು ಗೋದಾಮಿನ ಮುಂದೆ ಕಾದು ನಿಂತ. ನೀವು ಅವನನ್ನು ಎಲ್ಲ ಗಾಡಿಯವರ ಎದುರು ನಿಲ್ಲಿಸಿ, “ಸರ್ವೇಯರ್ ಬರೂತನಕಾ ಬಿದ್ದ ಮಾಲ ಮುಟ್ಟಬಾರದೋ ಹುಚ್ಚಾ! ನೀ ಮುಟ್ಟಿದಿ, ಕಂಪನಿ ಒಂದ ದುಡ್ಡೂ ಕೊಡಲಿಲ್ಲ” ಎಂದಿರಿ. ನುಕಸಾನಿಗೆಂದು ಅವನ ಜೋಡಿಯ ಬಲಗಡೆಯ ಎತ್ತನ್ನು ಬಿಚ್ಚಿಕೊಂಡಿರಿ. ಮರುವಾರ ಅದೇ ಎತ್ತನ್ನು ಅವನಿಗೇ ಬಾಡಿಗೆಗೆ ಕೊಟ್ಟಿರಿ. ಕರುವಾಗಿದ್ದಾಗಿನಿಂದ ಸಾಕಿದ ಎತ್ತಿಗೆ ತಾನೇ ಬಾಡಿಗೆ ಕಟ್ಟಿ ದುಡಿದ. ಅಂದಿನಿಂದ ನಿಮ್ಮ ಗಾಡಿಯವರು ಮಕ್ಕಳಿಗೆ ಬೆಂಕಿ ತೋರಿಸಿ ಹೇಳುವಂತೆ ಒಬ್ಬರಿಗೊಬ್ಬರು ಹೇಳಿಕೊಂಡರು: ಬಿದ್ದ ಮಾಲು ಮುಟ್ಟಬಾರದು, ಬಿದ್ದ ಮಾಲು ಮುಟ್ಟಬಾರದು.

ಆ ಪಾಠವನ್ನು ಅಲ್ಲಪ್ಪ ಎಷ್ಟು ಚೆನ್ನಾಗಿ ಕಲಿತಿದ್ದ ಎಂಬುದನ್ನು ಈ ವರ್ಷ ನೋಡಿದೆವು.

ನಾವಿಬ್ಬರೂ ಟಾಂಗಾದಲ್ಲಿ ಆಜರಾಕ್ಕೆ, ನಿಮ್ಮ ತಂಗಿಯ ಮಗಳ ನಾಮಕರಣಕ್ಕೆ ಹೊರಟಿದ್ದೆವು. ನನ್ನ ತೊಡೆಯ ಮೇಲೆ ಉಂಡಿಯ ಡಬ್ಬಿ, ತೊಟ್ಟಿಲಿಗೆ ಹಾಸುವ ಹೊಸ ಕೌದಿ. ಹಳ್ಳದ ಇಳುಕಲಿನಲ್ಲಿ ನಮ್ಮವೇ ಗಾಡಿಗಳು ನಿಂತಿದ್ದವು. ಅಲ್ಲಪ್ಪನ ಗಾಡಿಯ ಅಚ್ಚು ಮುರಿದು, ಹೇರಿದ ಬೆಲ್ಲ ಹೇರಿದ ಹಾಗೆಯೇ ತಗ್ಗಿಗೆ ಮಗುಚಿತ್ತು. ಎತ್ತುಗಳು ನೊಗದ ಜತ್ತಿಗೆ ಹರಿದುಕೊಂಡು ಆಚೆ ಮೇಯುತ್ತಿದ್ದವು. ಅಲ್ಲಪ್ಪನ ಕಾಲು ಗಾಡಿಯ ಕೆಳಗೆ. ಸೊಂಟದಿಂದ ಎದೆಯ ತನಕ ಪೆಂಟಿಗಳು. ತಲೆಯೊಂದು ಹೊರಗಿತ್ತು. ಉಳಿದ ಗಾಡಿಯವರು ಕೈ ಕಟ್ಟಿಕೊಂಡು ಸುತ್ತ ನಿಂತಿದ್ದರು.

ಟಾಂಗಾದಿಂದ ಇಳಿಯುತ್ತಲೇ ನೀವು ಕೇಳಿದ್ದು, “ಎಷ್ಟ ಪೆಂಟಿ ಒಡದಾವು?”

ನಾನು ಕೇಳಿದೆ, ಯಾಕ್ರಪ್ಪಾ ಎತ್ತವಲ್ರಿ ಎಂದು. ಅವರಲ್ಲಿ ಹಿರಿಯನಾದ ಬಾಳಪ್ಪ ನೆಲ ನೋಡುತ್ತ, “ನಾವು ಕೈ ಹಾಕಿದ್ವಿರಿ ಅಕ್ಕಾರ, ಅಂವನ ಬ್ಯಾಡ ಅನ್ನಾಕತ್ತಾನ್ರಿ” ಅಂದ.

ಅಲ್ಲಪ್ಪ ನಿಮ್ಮ ಕಡೆ ಕತ್ತು ತಿರುಗಿಸಿದ. ಏನಂದ, ನೆನಪಿದೆಯೆ? “ಸಾವಕಾರ್ರ, ಒಂದ ಪೆಂಟೀನೂ ಮುಟ್ಟಾಕ ಬಿಟ್ಟಿಲ್ರಿ. ಎಲ್ಲಾ ಬಿದ್ದಲ್ಲೇ ಅದಾವು. ಈ ಸಲಾ ನನ್ನ ಕಡಿಂದ ತಪ್ಪ ಆಗಿಲ್ರಿ.”

ನೀವು ಅಂದಿರಿ, “ಶಾಣ್ಯಾ ಆದಿ ಬಿಡೋ ಅಲ್ಲಪ್ಪ.”

ಅವನಿಗೆ ಸಂತೋಷವಾಯಿತು. ಆ ಮುಖವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮೈಮೇಲೆ ಗಾಡಿ ಬಿದ್ದವನಿಗೆ ಒಡೆಯನ ಬಾಯಿಂದ ಒಂದು ಒಳ್ಳೆಯ ಮಾತು ಬಂತೆಂದು ಸಂತೋಷವಾಯಿತು. ಇಂಥ ಸಂತೋಷವನ್ನು ಹುಟ್ಟಿಸಿದವರ ಮನೆ ಹಾಳಾಗಲಿ. ಅದು ನನ್ನ ಮನೆಯೂ ಹೌದು. ಆಗಲಿ.

ಕೊಲ್ಲಾಪುರದ ಸರ್ವೇಯರನಿಗೆ ತಂತಿ ಹೊಡೆಯಲು ಬಾಳಪ್ಪನನ್ನು ನಮ್ಮದೇ ಟಾಂಗಾದ ಕುದುರೆ ಹತ್ತಿಸಿ ಗಡಹಿಂಗ್ಲಜಕ್ಕೆ ಕಳಿಸಿದಿರಿ. ತಂತಿ ಕಡಿದಿದೆ ಎಂದು ನಿಮಗೆ ಆಗಲೇ ಗೊತ್ತಿತ್ತು. ಹಿಂದಿನ ದಿನ ಊಟಕ್ಕೆ ಕೂತಾಗ ನೀವೇ ನನಗೆ ಹೇಳಿದ್ದಿರಿ. ಆಮೇಲೆ ಆಕಾಶ ನೋಡಿದಿರಿ. ಮೋಡ ಕಟ್ಟಿತ್ತು. ಅಲ್ಲಪ್ಪ ತೋಯ್ದಾನೆಂದು ಮರುಗುತ್ತಿದ್ದೀರಿ ಎಂದು ನಾನು, ನಿಮ್ಮ ಹೆಂಡತಿ, ನಂಬಿದೆ.

ನಾನು ಹೋಗಿ ಅವನ ತಲೆಯ ಹತ್ತಿರ ಕೂತೆ. ಒಡೆದ ಪೆಂಟಿಗಳಿಂದ ಬೆಲ್ಲ ಜಿನುಗಿ ಅವನ ಕೊರಳಿಗೆ ಇಳಿದಿತ್ತು. ಇರುವೆ ಹತ್ತಿದ್ದವು. ಕಿವಿಗೆ, ಮೂಗಿಗೆ, ಕಣ್ಣಿನ ಕೊನೆಗೆ. ಸೆರಗಿನಿಂದ ಜಾಡಿಸತೊಡಗಿದೆ. ನೀವು ನಿಂತಲ್ಲಿಂದಲೇ ಹೇಳಿದಿರಿ: “ಮೆಲ್ಲಕ ಜಾಡಸ, ಜೀವ ಹೋದಾವು.”

ನಾನೂ ಜಿನಮಂದಿರದ ಮೆಟ್ಟಿಲು ಹತ್ತಿ ಬೆಳೆದವಳು. ನಮ್ಮ ಅಪ್ಪ ಇರುವೆಗೆ ದಾರಿ ಬಿಟ್ಟು ನಡೆಯುತ್ತಿದ್ದ, ಆದರೆ ಹಸಿದ ಆಳನ್ನು ದಾಟಿಕೊಂಡು ಉಣ್ಣಲು ಕೂತವನಲ್ಲ. ನನ್ನ ಧರ್ಮವನ್ನು ನಿಮ್ಮ ಬಾಯಿಂದ ಕಲಿಯುವ ಕೆಲಸ ಅಲ್ಲಿಗೆ ಮುಗಿಯಿತು.

ಆಗ ಅಲ್ಲಪ್ಪ ಮೆಲ್ಲನೆ ನನ್ನನ್ನು ಕರೆದ. “ಅಕ್ಕಾರ, ಮಾಲ ಎತ್ತಬ್ಯಾಡ್ರಿ. ಎದಿ ಮ್ಯಾಲಿಂದ ಒಂದ ಒಂದೀಟ ಸರಸ್ರಿ. ಬಲಗೈ ಬಿಡಿಸ್ಕೋತೇನಿ. ಲಿಂಗಕ್ಕ ಕೈ ಹತ್ತವಲ್ದು.”

ಅವರಲ್ಲಿ ಪ್ರಾಣ ಹೋಗುವಾಗ ಲಿಂಗ ಅಂಗೈಯಲ್ಲಿ ಇರಬೇಕು. ಅವನು ಬದುಕಲು ಕೇಳಲಿಲ್ಲ. ಸಾಯುವುದಕ್ಕೆ ಬೇಕಾದಷ್ಟು ಜಾಗ ಕೇಳಿದ.

ನಾನು ಆ ಪೆಂಟಿಯನ್ನು ಎತ್ತಿದೆ. ಎತ್ತಿದೆ ಅನ್ನುವುದು ದೊಡ್ಡ ಮಾತು, ತಬ್ಬಿಕೊಂಡು ಎಳೆದೆ. ಮುರಿದ ಕಟ್ಟಿಗೆಗೆ ಸಿಕ್ಕಿ ಗೋಣಿತಟ್ಟು ಹರಿಯಿತು. ಒಳಗೆ ಹಳದಿ ಬೆಲ್ಲ ಇರಲಿಲ್ಲ. ಕರ್ರಗೆ, ಹುಳಿ ವಾಸನೆ ಹೊಡೆಯುವ ಹಳೆಯ ಬೆಲ್ಲ. ಮೇಲೆ ಸುಣ್ಣ ಸವರಿದ್ದ ಗುರುತು. ಒಂದು ಕೈಯ ಐದೂ ಬೆರಳು ಒಡೆದು ಕಾಣುತ್ತಿದ್ದವು.

ನೀವು ಓಡಿ ಬಂದಿರಿ. ಮನೆಯಲ್ಲಿ ನೀರಿನ ತಂಬಿಗೆಯನ್ನೂ ತಾವಾಗಿ ಎತ್ತಿಕೊಂಡವರಲ್ಲ. ಅಂದು ಆ ಪೆಂಟಿಯನ್ನು ಎರಡೂ ಕೈಯಿಂದ ಎತ್ತಿದಿರಿ. “ಜಾಗಾ ತಪ್ಪಿದ್ರ ಸರ್ವೇಯರ್ ಏನ ಬರಕೋಬೇಕು?” ಅಂದಿರಿ. ಎಲ್ಲಿಂದ ಎಳೆದಿದ್ದೆನೋ ಅಲ್ಲೇ ಇಟ್ಟಿರಿ. ಅವನ ಎದೆಯ ಮೇಲೆ.

ಇಡುವಾಗ ಬಗ್ಗಿದ ನಿಮಗೆ ಅವನು ಏನು ಹೇಳಿದನೆಂಬುದು ನಮ್ಮಿಬ್ಬರಿಗೆ ಮಾತ್ರ ಕೇಳಿಸಿತು. “ಆತು ಬಿಡ್ರಿ ಸಾವಕಾರ್ರ. ಅಕ್ಕಾರಿಗೆ ತಿಳಿವಲ್ದು, ಬೈಬ್ಯಾಡ್ರಿ.”

ಆಮೇಲೆ ತಾಡಪತ್ರಿ. ಮುಚ್ಚಿದರೆ ಮುಟ್ಟಿದ ಹಾಗಲ್ಲವಂತೆ. ಬೆಲ್ಲದ ಮೇಲೆ ಹಾಸಿಸಿದಿರಿ, ಅದನ್ನೂ ನೀರು ಒಳಗೆ ಇಳಿಯುವ ಹಾಗೆ ಸಡಿಲಾಗಿ. ಅವನ ಗದ್ದದ ಕೆಳಗೆ ಅದರ ಅಂಚು ಮುಗಿಯಿತು. ಮುಖದ ಮೇಲೂ ಎಳೆಯಿರಿ ಅಂದೆ. “ಉಸರ ಕಟ್ಟೀತು” ಅಂದಿರಿ. ದಯೆಯ ಮಾತಿಗೆ ನಿಮ್ಮಲ್ಲಿ ಎಂದೂ ಬರ ಇಲ್ಲ. ನಾನು ತೊಟ್ಟಿಲಿನ ಕೌದಿಯನ್ನು ಅವನ ತಲೆಗೆ ಮರೆ ಕಟ್ಟಿದೆ. ಆಜರಾದಿಂದ ಬಂದ ಖಾಲಿ ಗಾಡಿಯೊಂದನ್ನು ನಿಲ್ಲಿಸಿ, ಮತ್ತೆ ಆಜರಾದ ಕಡೆಗೇ ತಿರುಗಿಸಿ, ನೀವು ನನ್ನನ್ನು ಕೈ ಹಿಡಿದು ಎಳೆದು ಹತ್ತಿಸಿದಿರಿ. ಹೊತ್ತು ಮುಳುಗುವುದರೊಳಗೆ ನಾಮಕರಣದ ಊಟಕ್ಕೆ ಕೂಡಬೇಕಿತ್ತು. ಕತ್ತಲಾದ ಮೇಲೆ ಉಂಡರೆ ಹುಳುಹುಪ್ಪಟೆ ಬಾಯಿಗೆ ಹೋದಾವೆಂದು ನಿಮಗೆ ಅಂಜಿಕೆ. ಮಗುವಿಗೆ ಹೆಸರಿಟ್ಟರು. ಹೊರಗೆ ಮಳೆ ಹಿಡಿಯಿತು. ನೀವು ಬಡಿಸುವವನಿಗೆ ಇನ್ನೊಂದು ಹೋಳಿಗೆ ಹಾಕು ಅಂದಿರಿ.

ಬೆಳಿಗ್ಗೆ ನಾವು ತಿರುಗಿ ಬಂದಾಗ ಬೆಲ್ಲ ಬಹುಪಾಲು ಕರಗಿ ಹಳ್ಳಕ್ಕೆ ಹರಿದಿತ್ತು. ಅಲ್ಲಪ್ಪ ಹೋಗಿದ್ದ. ಗಾಡಿಯವರು ಅವನ ಸುತ್ತ ಮಳೆಯಲ್ಲೇ ಕೂತಿದ್ದರು. ಕಲ್ಲವ್ವ ಬಾಳಪ್ಪನಿಂದ ಸುದ್ದಿ ಕೇಳಿ ಗಡಹಿಂಗ್ಲಜದಿಂದ ನಡೆದು ಬಂದು ಅವನ ತಲೆಯ ಬಳಿ ಕೂತಿದ್ದಳು. ಅವಳು ಮುಟ್ಟುವಾಗ ಅವನಿನ್ನೂ ಇದ್ದನೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ.

ತಂತಿ ಹೋಗದೆ ಬಾಳಪ್ಪ ರಾತ್ರಿ ಲಾರಿಯವರ ಕೈಯಲ್ಲಿ ಕಳಿಸಿದ್ದ ಚೀಟಿ ಮುಟ್ಟಿ, ಸರ್ವೇಯರ್ ದಾದಾಸಾಹೇಬರ ಮೋಟಾರು ಆಗ ಬಂತು. ಮನುಷ್ಯ ಇಳಿದು, ಛತ್ರಿ ಬಿಚ್ಚಿ, ಪೆಂಟಿಗಳ ಕೆಳಗಿನ ಹೆಣವನ್ನು ಕಂಡ. “ಅಹೋ ಶೇಟಜಿ, ಹೇ ಕಾಯ? ಇದೇನ್ರಿ ಇದು?”

ನೀವು ಅಂದಿರಿ, “ನೀವು ಬರೂತನಕಾ ಒಂದ ಪೆಂಟಿ ಸರಿಸಿಲ್ಲ ಸಾಹೇಬ್ರ.”

“ಸರಿಸಬ್ಯಾಡಂತ ಯಾರ ಹೇಳ್ಯಾರ್ರಿ ನಿಮಗ? ಬಿದ್ದ ಮಾಲ ಎತ್ತಿ ಉಳಿಸೋದ ಮಾಲಕರ ಕೆಲಸಾ. ಎತ್ತಿದ ಕೂಲಿ ಸುದ್ಧಾ ಕಂಪನಿ ಕೊಡತಿತ್ತಲ್ರಿ!”

ಆಗ ನೀವು ಮಾಡಿದ್ದನ್ನು ಬರೆಯಲು ನನ್ನ ಲೇಖಣಿಗೆ ಹೇಸಿಕೆಯಾಗುತ್ತದೆ. ಹೆಣದ ಕಡೆ ಬೆರಳು ಮಾಡಿದಿರಿ. “ನಾ ಏನ ಮಾಡ್ಲಿ ಸಾಹೇಬ್ರ? ಅಂವನ ಬ್ಯಾಡ ಅಂದಾ.”

ಗಾಡಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಈಗ ಎತ್ತಲು ಅಪ್ಪಣೆ ಸಿಕ್ಕಿತ್ತು. ಬಾಳಪ್ಪ ಮೊದಲ ಪೆಂಟಿಗೆ ಕೈ ಹಾಕಿದ. ಆಗ ಕಲ್ಲವ್ವ ಎದ್ದಳು.

“ಯಾರೂ ಮುಟ್ಟಬ್ಯಾಡ್ರಿ. ಸರ್ವೇಯರ್ ಸಾಹೇಬ್ರು ಬಂದಾರ. ನಂದೂ ಒಂದ ಮಾಲ ಐತಿ ಇಲ್ಲೆ. ಬರಕೋರಿ ಸಾಹೇಬ್ರ. ಎಷ್ಟ ಹಾಳಾಗೇತಿ, ಎಷ್ಟ ಉಳದೈತಿ, ಸರಿಯಾಗಿ ನೋಡಿ ಬರಕೋರಿ. ನೀವು ಬರಕೊಳ್ಳೂತನಕಾ ನಾ ಎತ್ತಾಕ ಕೊಡಂಗಿಲ್ಲ.”

ದಾದಾಸಾಹೇಬರು ಛತ್ರಿ ಮಡಚಿದರು. ಮಳೆಯಲ್ಲೇ ನಿಂತರು. ನೀವು ಅವರ ಕಿವಿಯ ಹತ್ತಿರ ಹೋಗಿ, “ತಲಿ ಕೆಟ್ಟೈತ್ರಿ ಆಕೀದು” ಅಂದಿರಿ. ಆ ಮಾತು ಕಲ್ಲವ್ವನಿಗೆ ಕೇಳಿಸಿತು. ಅವಳು ನಿಮ್ಮನ್ನು ನೋಡಲೂ ಇಲ್ಲ. ಮುಟ್ಟಬಾರದೆಂಬ ಕಾಯಿದೆ ಕಂಪನಿಯದೇ, ಸಾಹೇಬರು ಈಗ ಜಾರಿಕೊಳ್ಳುತ್ತಿದ್ದಾರೆ ಎಂದು ಅವಳು ತಿಳಿದಿದ್ದಳು. ಇನ್ನೂ ಹಾಗೇ ತಿಳಿದಿದ್ದಾಳೆ.

ಇದು ನಡೆದದ್ದು. ಇನ್ನು ನನ್ನ ಸಹಿಯ ಮಾತು.

ಮಹಾವೀರಣ್ಣ ನಿಮ್ಮ ಕಾಗದ ಹಿಡಿದು ಎರಡು ದಿನ ನನ್ನ ಹಿಂದೆ ತಿರುಗಿದ. ಅವನ ಸೀರೆ ಗಂಟುಗಳು ನಿಮ್ಮ ಗಾಡಿಯಲ್ಲೇ ಹೋಗಬೇಕಲ್ಲ. “ತಂಗೀ, ಸಹಿ ಅಂದ್ರ ಎರಡ ಅಕ್ಷರ. ಸತ್ತಾಂವ ಎದ್ದ ಬರತಾನೇನು?” ಅಂದ. “ಸತ್ತಾಂವ ಬರಂಗಿಲ್ಲಣ್ಣಾ, ಜಪ್ತಿಯವ್ರು ಬರತಾರ” ಅಂದೆ. “ಹಂಗಾದ್ರ ನಿನ್ನ ಜೋಖಮ ನನ್ನ ಮನ್ಯಾಗ ಬ್ಯಾಡ” ಅಂದ. ಅತ್ತಿಗೆ ನನ್ನ ಬಟ್ಟೆಯ ಗಂಟನ್ನು ತಾನೇ ಕಟ್ಟಿ ಹೊಸ್ತಿಲಿಗೆ ಇಟ್ಟಳು; ಗಂಟು ಅಚ್ಚುಕಟ್ಟಾಗಿ ಕಟ್ಟಿದ್ದಳು, ಅದಕ್ಕೆ ಮಾತ್ರ ಹೆಸರಿಡುವಂತಿಲ್ಲ. ಈಗ ನೇಕಾರರ ಓಣಿಯಲ್ಲಿ ಅಕ್ಕವ್ವ ಎಂಬವಳ ಪಡಸಾಲೆಯಲ್ಲಿ ಇದ್ದೇನೆ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತೇನೆ. ನೂಲು ಬೆರಳನ್ನು ಕೊಯ್ಯುತ್ತದೆ. ಅಕ್ಕವ್ವ, “ಸಾವಕಾರ್ತಿ ಬೆರಳ ಅದಾವು, ನಾಕ ದಿನ ಅಳತಾವು, ಆಮ್ಯಾಲ ಕಲೀತಾವು” ಅನ್ನುತ್ತಾಳೆ.

ಮೊನ್ನೆ ಕೊಲ್ಲಾಪುರದ ಕಂಪನಿಯ ಕಚೇರಿಗೆ ನಾನೇ ರಜಿಸ್ಟರ್ ಪತ್ರ ಹಾಕಿದ್ದೇನೆ. ಮಾಲು ನನ್ನದು. ಮೊದಲ ದರ್ಜೆಯದಲ್ಲ, ಕೆಟ್ಟ ಕರಿ ಬೆಲ್ಲ. ಗಾಡಿಯವನು ಕುಡಿದಿರಲಿಲ್ಲ, ಅಚ್ಚು ಮುರಿದು ಗಾಡಿ ಬಿತ್ತು. ಬಿದ್ದ ಮೇಲೆ ಎತ್ತಲು ಜನರಿದ್ದರು, ನನ್ನ ಗಂಡ ಎತ್ತಗೊಡಲಿಲ್ಲ. ನನಗೆ ನುಕಸಾನಿ ಬೇಡ. ಅಲ್ಲಪ್ಪನ ಮೇಲಾಗಲಿ ಅವನ ಮನೆಯವರ ಮೇಲಾಗಲಿ ನನ್ನದು ಯಾವ ತಕರಾರೂ ಇಲ್ಲ, ಮುಂದೆಯೂ ಇರುವುದಿಲ್ಲ. ಮರಾಠಿಯಲ್ಲಿ ಬರೆದೆ, ಕೆಳಗೆ ಸಹಿ ಮಾಡಿದೆ. ಆ ಕಾಗದದ ಮೇಲೆ ಒಂದು ತೊಟ್ಟು ಶಾಯಿ ಬಿತ್ತು. ಇರಲಿ ಎಂದು ಬಿಟ್ಟೆ.

ಕಂಪನಿ ಕೊಡದಿದ್ದರೆ ಕಂಪನಿಗೆ ಕಲ್ಲವ್ವನ ಮೇಲೆ ಹಕ್ಕು ಹುಟ್ಟುವುದಿಲ್ಲ. ಈ ಲೆಕ್ಕವನ್ನು ನಿಮ್ಮ ಪತ್ರದಿಂದಲೇ ಕಲಿತೆ. ಎತ್ತು ಅವಳ ಗೋದಲಿಯಲ್ಲಿ ಉಳಿಯುತ್ತದೆ. ಮನೆ ಜಾಗ ಉಳಿಯುತ್ತದೆ. ಕಾಠೇವಾಡದವರು ಮೊದಲೇ ಕೊಟ್ಟ ಹಣವನ್ನು ತಿರುಗಿ ಕೇಳುತ್ತಾರೆ. ಅವರಿಗೆ ನೀವು ಉತ್ತರ ಹೇಳಿಕೊಳ್ಳಿ. ಪೇಟೆಯವರು ನಗುತ್ತಾರೆ. ಹೆಂಡಿರ ಹೆಸರಿನಲ್ಲಿ ಮಾಲು ಇಟ್ಟವರೆಲ್ಲ ಇಂದಿನಿಂದ ತಮ್ಮ ಹೆಂಡಿರ ಮುಖವನ್ನು ಒಮ್ಮೆ ತಿರುಗಿ ನೋಡಿಯಾರು.

ಚಳವಳಿಯ ಹುಡುಗರನ್ನು ಬೈಯಿ ಎಂದು ಬರೆದಿದ್ದೀರಿ. ತಂತಿ ಕಡಿದವರು ಅಲ್ಲಪ್ಪನ ಎದೆಯ ಮೇಲೆ ಪೆಂಟಿ ತಿರುಗಿ ಇಟ್ಟಿಲ್ಲ. ನಾನು ಅವರನ್ನು ಬೈಯುವುದಿಲ್ಲ.

ನಾನು ಬರುವುದಿಲ್ಲ. ಅತ್ತೆಯವರಿಗೆ ಹೇಳಿರಿ: ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರು ಸೋಸಲಿ. ಸೀರೆ ಕಳಿಸಲು ನನ್ನಲ್ಲಿ ದುಡ್ಡಿಲ್ಲ.

ಒಂದು ಕಾಲಕ್ಕೆ ನಿಮ್ಮ ಹೆಂಡತಿಯಾಗಿದ್ದ,
ಶಾಲನ

ತಾ.ಕ. ಒಂದು ಮಾತನ್ನು ಕಂಪನಿಗೆ ಬರೆದಿಲ್ಲ. ಕಲ್ಲವ್ವನಿಗೂ ಹೇಳಿಲ್ಲ.

ಅಂದು ದಾದಾಸಾಹೇಬರು ಮೋಟಾರು ಹತ್ತುವ ಮುಂಚೆ ನನ್ನ ಹತ್ತಿರ ಕುಡಿಯಲು ನೀರು ಕೇಳಿದರು. ನೀವು ಆಚೆ ಗಾಡಿಯವರಿಗೆ ದಬಾಯಿಸುತ್ತಿದ್ದಿರಿ. “ಬಾಯೀಸಾಹೇಬ, ಹೋದ ವರ್ಷನೂ ನಿಮ್ಮ ಮನೀ ಮಾಲು, ಇದ ಮನಶ್ಯಾನ ಗಾಡಿ” ಅಂದರು. “ಅವಾಗ ಎಷ್ಟ ಛಲೋ ಎತ್ತಿ ದಂಡಿಗೆ ಇಟ್ಟಿದ್ದಾ! ತೋಯ್ದೈತಿ ಅಂತ ಪೂರಾ ನುಕಸಾನಿ ಕೊಟ್ವಿ. ಎತ್ತಿದ ಕೂಲಿ ಬ್ಯಾರೆ ಕೊಟ್ವಿ. ಕೆಟ್ಟ ಪೆಂಟಿ ಹಳ್ಳಕ್ಕ ಚೆಲ್ರಿ ಅಂತ ಹೇಳಿ ಬಂದಿದ್ದೆ, ಚೆಲ್ಲಿದ್ರಿಲ್ಲೋ?”

ಕಂಪನಿ ಕೊಟ್ಟಿತ್ತು. ಮುಟ್ಟಬಾರದೆಂಬ ಕಾಯಿದೆ ಎಲ್ಲಿಯೂ ಇರಲಿಲ್ಲ. ಅವನ ಎತ್ತಿಗಾಗಿ ನೀವು ಹುಟ್ಟಿಸಿದ ಸುಳ್ಳು. ಆ ಸುಳ್ಳನ್ನು ನಂಬಿ ಅವನು ತನ್ನ ಮೈಮೇಲಿನ ಮಾಲನ್ನು ಕಾಯುತ್ತ ಸತ್ತ. ಪೆಂಟಿಗಳನ್ನು ನೀವು ಚೆಲ್ಲಿರಲಿಲ್ಲ. ಅವನು ಹಳ್ಳದಿಂದ ಎತ್ತಿ ಉಳಿಸಿದವನ್ನೇ ಹೊಸ ಗೋಣಿತಟ್ಟಿನಲ್ಲಿ ಹೊಲಿಸಿ, ಮತ್ತೆ ವಿಮೆ ಮಾಡಿಸಿ, ಅವನ ಗಾಡಿಗೇ ಹೇರಿದಿರಿ. ಹೋದ ವರ್ಷ ಅವು ಒಣಗಲೆಂದು ಅಟ್ಟದ ಮೇಲೆ ಸುಣ್ಣ ಸವರಿದವರು ನಾನು ಮತ್ತು ಕಲ್ಲವ್ವ. ನೀವು ಅವನ ಎದೆಯ ಮೇಲೆ ತಿರುಗಿ ಇಟ್ಟ ಪೆಂಟಿಯ ಮೇಲಿನ ಐದು ಬೆರಳು ಅವಳವು. ಅವಳ ಕಿರುಬೆರಳು ಮೊಂಡು. ಅಚ್ಚು ಹಾಗೇ ಮೂಡಿತ್ತು.

ಇದನ್ನು ಎದೆಯಲ್ಲಿ ಇಟ್ಟುಕೊಂಡಿದ್ದೇನೆ. ಕಂಪನಿಯ ದಾರಿ ಮುಚ್ಚಿತೆಂದು ನೀವೇ ಬೇರೆ ನೆಪ ತೆಗೆದು ಅವಳ ಎತ್ತಿನ ಹಗ್ಗಕ್ಕೆ ಕೈ ಹಾಕಿದ ದಿನ, ಅಥವಾ ಅವಳ ಮನೆ ಜಾಗದ ಮೇಲೆ ಕಾಲಿಟ್ಟ ದಿನ, ನಾನು ಗಡಹಿಂಗ್ಲಜಕ್ಕೆ ಬಂದು ಅವಳಿಗೆ ಹೇಳುತ್ತೇನೆ.

ಎತ್ತಿಗೆ ಮೇವು ಸಿಗುತ್ತದೆಂದು ಅವಳು ಈಗಲೂ ಬೆಳಗಾದರೆ ನಿಮ್ಮ ಹಿತ್ತಲಿಗೆ ಬಂದು ಹರಿತವಾದ ಕೊಯ್ತಾ ಕತ್ತಿಯಿಂದ ಕಬ್ಬಿನ ಸೋಗೆ ಕಡಿಯುತ್ತಾಳೆ. ನೀವು ಅದೇ ಹೊತ್ತಿಗೆ ಹಿತ್ತಲಕಟ್ಟೆಯ ಮೇಲೆ ಅವಳಿಗೆ ಬೆನ್ನು ಮಾಡಿ ಹಲ್ಲುಜ್ಜಲು ಕೂಡುತ್ತೀರಿ.

ಇನ್ನು ಮೇಲೆ ಅವಳ ಕಡೆ ತಿರುಗಿ ಕೂಡಿರಿ.